ಐತವಾರದ ಪಿಕ್ಚರು, ವೈನಿಯ ತೀರ್ಪು

ಸಿನಿಮಾ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹೊಲಿಗೆ ಮಷಿನ್ನಿನ ಹಿಂದೆ ಕೂತು ಕಲಿತದ್ದು. ಸಿಂದಗಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಒಂದು ಮೂಲೆಯಲ್ಲಿ ಮಷಿನ್ನು, ಎದುರು ಗೋಡೆಯ ಮೇಲೆ ಟಿ.ವಿ., ನಡುವೆ ಹೊಲಿಯಲು ಬಂದ ಬ್ಲೌಸ್ ಬಟ್ಟೆಗಳ ಗಂಟು. ವಾರವಿಡೀ ಟಿ.ವಿ. ಮೇಲೆ ಧೂಳಿಗೆಂದು ಒಂದು ಬಟ್ಟೆ ಹೊದಿಸಿರುತ್ತೇನೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅದನ್ನು ತೆಗೆದು ಒಂದು ಸಿನಿಮಾ ನೋಡುವುದು ನಮ್ಮ ಮನೆಯ ಪದ್ಧತಿ.

ಹೋದ ವರ್ಷದವರೆಗೆ ನೋಡುವವರು ನಾವು ಮೂವರು. ನಾನು, ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿರುವ ನನ್ನ ಗಂಡ, ಮತ್ತು ಅವರ ತಂಗಿ, ಅಂದರೆ ನನ್ನ ನಾದಿನಿ. ನಾದಿನಿ ಅಂಗನವಾಡಿ ಟೀಚರ್. ವಯಸ್ಸು ಮೂವತ್ತಾರು. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ. ಆಗ ನಮ್ಮ ಮನೆಗೆ ಬಂದವಳು ಎಂಟು ವರ್ಷ ನಮ್ಮ ಜೊತೆಗೇ ಇದ್ದಳು. ಸಿನಿಮಾ ನೋಡುವಾಗ ಅವಳ ತೊಡೆಯ ಮೇಲೆ ನಾನು ಹೊಲಿದ ಬ್ಲೌಸುಗಳಿರುತ್ತಿದ್ದವು. ಅವಕ್ಕೆ ಹುಕ್ಕು ಹಚ್ಚುವ ಕೆಲಸ ಅವಳದು. ನನ್ನ ಗಂಡ ಹೀರೋ ಬರುವಾಗ ಎದ್ದು ಕೂರುತ್ತಾರೆ, ಇಂಟರ್‌ವಲ್ಲಿಗೆ ಮೊದಲೇ ಗೊರಕೆ ಹೊಡೆಯುತ್ತಾರೆ, ಕೊನೆಯ ಹೊಡೆದಾಟಕ್ಕೆ ಎಚ್ಚರವಾಗಿ 'ಭಾರಿ ಐತಿ' ಎನ್ನುತ್ತಾರೆ. ಅವರಿಗೆ ಕೆಟ್ಟ ಸಿನಿಮಾ ಎಂಬುದೇ ಇಲ್ಲ.

ನನ್ನ ಕಣ್ಣು ಬೇರೆ. ಮೊದಲು ಬೀಳುವುದು ಹೊಲಿಗೆಯ ಮೇಲೆ. ಒಂದು ಸಿನಿಮಾದಲ್ಲಿ ಹೀರೋ ನಲವತ್ತು ಮಂದಿಯನ್ನು ಹೊಡೆದು ಹಾಕಿದ. ಕಂಬ ಮುರಿಯಿತು, ಎರಡು ಜೀಪು ಪಲ್ಟಿಯಾದವು, ಅವನ ಅಂಗಿಯ ಕಂಕುಳ ಹೊಲಿಗೆ ಮಾತ್ರ ಬಿಡಲಿಲ್ಲ. ಇಸ್ತ್ರಿಯ ಗೆರೆ ಕೂಡ ಹಾಗೇ ಇತ್ತು. ಅಷ್ಟು ಗಟ್ಟಿಯಾಗಿ ಹೊಲಿದ ಪುಣ್ಯಾತ್ಮ ಯಾರು ಎಂದು ಕೊನೆಯಲ್ಲಿ ಹೆಸರುಗಳನ್ನು ಕಣ್ಣಿಟ್ಟು ನೋಡಿದೆ. ಅವು ಓಡಿದ ಓಟಕ್ಕೆ ಒಂದೂ ಓದಲಾಗಲಿಲ್ಲ. ಹೊಡೆದಾಡಿದವನ ಹೆಸರು ಗೋಡೆಯಷ್ಟು ದೊಡ್ಡದು, ಹೊಲಿದವನ ಹೆಸರು ಇರುವೆಯಷ್ಟು. ಇದು ನನಗೆ ಬಹಳ ಸಿಟ್ಟು ತರಿಸಿತು.

ದೆವ್ವದ ಸಿನಿಮಾ ಒಂದನ್ನು ನೋಡಿದೆವು. ನೂರು ವರ್ಷದಿಂದ ಪಾಳುಮನೆಯಲ್ಲಿರುವ ದೆವ್ವ, ಅದರ ಬಿಳಿ ಗೌನಿನ ಮೇಲೆ ಒಂದು ಕಲೆಯಿಲ್ಲ. ನಮ್ಮ ಊರಿನ ನೀರಿನಲ್ಲಿ ಎರಡು ಸಲ ಒಗೆದರೆ ಬಿಳಿ ಬಟ್ಟೆ ಚಹಾದ ಬಣ್ಣಕ್ಕೆ ಬರುತ್ತದೆ. ನಾನು ಇದನ್ನು ಹೇಳಿ ನಗುತ್ತಿದ್ದರೆ, ಇನ್ನೂರು ಹುಡುಗರನ್ನು ಒಂದೇ ಸೀಟಿ ಊದಿ ನಿಲ್ಲಿಸುವ ನನ್ನ ಗಂಡ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, 'ಬಾಯಿ ಮುಚ್ಚಿ ನೋಡ್ರಿ ಇಬ್ಬರೂ' ಎಂದು ಗದರಿದರು. ಪೇಪರ್ ತಲೆಕೆಳಗಾಗಿತ್ತು.

ಇನ್ನೊಂದು ನಮ್ಮ ಕಡೆಯ ಸಿನಿಮಾ ಎಂದು ಬಂದದ್ದು. ಅದನ್ನು ನೋಡಿ ನನಗೆ ಮೂರು ದಿನ ತಲೆ ಕೆಟ್ಟಿತ್ತು. ಅದರಲ್ಲಿ ಎಲ್ಲರೂ ಮಾತಿಗೊಮ್ಮೆ 'ಐತಿ' ಹಾಕಿ, ಮೀಸೆ ತಿರುವಿ, ಕಣ್ಣು ಕೆಂಪು ಮಾಡಿ ಮಾತಾಡುತ್ತಾರೆ. ನಾವು ಜೋರು ಮಾತಿನವರು, ನಿಜ. ಆದರೆ ಪಲ್ಯಕ್ಕೆ ಉಪ್ಪು ಕೇಳುವಾಗಲೂ ಹಲ್ಲು ಕಡಿಯುವುದಿಲ್ಲವಲ್ಲ! ನಾಯಕಿ ಇಳಕಲ್ ಸೀರೆಗೆ ತೋಳಿಲ್ಲದ, ಬೆನ್ನಿಗೆ ಬರೀ ಎರಡು ದಾರ ಕಟ್ಟಿದ ಖಣದ ಬ್ಲೌಸು ಹಾಕಿಕೊಂಡು ಜೋಳದ ಹೊಲಕ್ಕೆ ಹೊರಟಿದ್ದಳು. ನಾದಿನಿ ಹುಕ್ಕು ಹಚ್ಚುವುದನ್ನು ನಿಲ್ಲಿಸಿ, 'ಇದನ್ನ ಹಾಕ್ಕೊಂಡು ಜ್ವಾಳದಾಗ ಹೊಕ್ಕರ ಎಲಿ ಕೊರದು ಬೆನ್ನೆಲ್ಲಾ ಗೀರಾಕ್ಕೇತಿ ನೋಡ್ರಿ ವೈನಿ' ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ವೈನಿ ಎಂದರೆ ಅಣ್ಣನ ಹೆಂಡತಿ. ಸಿನಿಮಾ ಮುಗಿದ ಕೂಡಲೇ ನಾದಿನಿ, 'ಹೆಂಗಿತ್ರಿ ವೈನಿ?' ಎಂದು ಕೇಳುವಳು. ನಾನು ಏಳುವುದಕ್ಕೆ ಮೊದಲು ತೀರ್ಪು ಕೊಟ್ಟುಬಿಡುವೆ. ಅವಳು 'ಹೌದ್ರಿ' ಎನ್ನುವಳು. ಸೋಮವಾರ ಬಟ್ಟೆ ಕೊಡಲು ಬಂದ ಹೆಂಗಸರು ಕೂಡ ಅಳತೆ ಕೊಡುತ್ತ, 'ಈ ವಾರದ್ದು ನೋಡಬೇಕೋ ಬ್ಯಾಡೋ, ಹೇಳ್ರಿ ಅಕ್ಕಾರ' ಎಂದು ಕೇಳುತ್ತಿದ್ದರು. ನಾನು ಬೇಡ ಎಂದ ಸಿನಿಮಾವನ್ನು ನಮ್ಮ ಓಣಿಯಲ್ಲಿ ಯಾರೂ ನೋಡುತ್ತಿರಲಿಲ್ಲ ಎಂದು ನಾನು ನಂಬಿದ್ದೆ. ಇದರಿಂದ ನನ್ನ ತಲೆ ಸ್ವಲ್ಪ ತಿರುಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಎಂಟು ವರ್ಷದಲ್ಲಿ ಒಂದು ಸಲವಾದರೂ 'ನಿನಗ ಹೆಂಗ ಅನಿಸ್ತು?' ಎಂದು ನಾದಿನಿಯನ್ನು ಕೇಳಿದ ನೆನಪು ನನಗಿಲ್ಲ.

ಹೋದ ವರ್ಷ ಬೇಸಿಗೆಯ ಬಿಸಿಲು ಏರುವುದಕ್ಕೆ ಮುಂಚೆ ಒಂದು ಭಾನುವಾರ ಅವಳು, 'ಇವತ್ತ ಪಿಕ್ಚರ್ ನಾ ಆರಿಸ್ಲೇನ್ರಿ ವೈನಿ?' ಎಂದಳು. ಯಾವತ್ತೂ ಹಾಗೆ ಕೇಳಿದವಳಲ್ಲ. ಹಾಕು ಎಂದೆ. ಅವಳೇ ಮೊಬೈಲಿನಿಂದ ಟಿ.ವಿ.ಗೆ ಜೋಡಿಸಿ ಹಾಕಿದಳು. ಅವತ್ತು ಅವಳ ತೊಡೆಯ ಮೇಲೆ ಬ್ಲೌಸುಗಳಿರಲಿಲ್ಲ. ಕೈ ಕಟ್ಟಿಕೊಂಡು ಕೂತಿದ್ದಳು. ಹುಕ್ಕು ಹಚ್ಚಿ ಹಚ್ಚಿ ಬೇಸರ ಬಂದಿರಬೇಕು ಎಂದುಕೊಂಡೆ.

ಸಿನಿಮಾದಲ್ಲಿ ಗಂಡ ಸತ್ತ ಒಬ್ಬ ಹೆಣ್ಣುಮಗಳು ಅಣ್ಣನ ಮನೆಯಲ್ಲಿದ್ದಾಳೆ. ಊರಿಗೆ ಹೊಸದಾಗಿ ಬಂದ ಪೋಸ್ಟ್‌ಮಾಸ್ತರನಿಗೆ ಅವಳ ಮೇಲೆ ಮನಸ್ಸಾಗುತ್ತದೆ. ಅಷ್ಟೇ ಕಥೆ. ಆದರೆ ಅಷ್ಟಕ್ಕೆ ಊರಿಗೆ ಊರೇ ಕಟ್ಟೆಗೆ ಬಂದು ಕೂರುತ್ತದೆ. ಒಬ್ಬರಾದ ಮೇಲೆ ಒಬ್ಬರು ಎದ್ದು ಭಾಷಣ ಮಾಡುತ್ತಾರೆ. ಆ ಹೆಣ್ಣಿಗೆ ಹಾಲಿನಂಥ ಬಿಳಿ ಸೀರೆ ಉಡಿಸಿದ್ದರು. ನಮ್ಮ ಕಡೆ ಯಾರು ಅಂಥ ಸೀರೆ ಉಡುತ್ತಾರೆ? ನನ್ನ ನಾದಿನಿ ಎಲ್ಲ ಬಣ್ಣದ್ದೂ ಉಡುತ್ತಿದ್ದಳು. ಒಂದೇ ಒಂದು, ಬ್ಲೌಸಿನ ತೋಳಿಗೆ ಅಂಚು ಇಡಬೇಡ್ರಿ ಎನ್ನುತ್ತಿದ್ದಳು.

'ನಮ್ಮ ಕಡೆ ಉಡಿಕಿ ಅರ್ಧ ತಾಸಿನಾಗ ಮುಗೀತೈತಿ. ಇವರ ಭಾಷಣಾನ ಒಂದ ತಾಸ ಆತು' ಎಂದು ನಾನು ನಡುವೆ ಬಾಯಿ ಹಾಕಿದೆ. ಗಂಡ ಸತ್ತವಳಿಗೆ ಮತ್ತೆ ಗಂಡು ನೋಡಿ ಕೊಡುವುದಕ್ಕೆ ಇಲ್ಲಿ ಉಡಿಕಿ ಎನ್ನುತ್ತಾರೆ. ನಮ್ಮ ಅಜ್ಜಿಯ ಊರು ದೇವಣಗಾಂವದಲ್ಲಿ ನಾನು ನೋಡಿದ್ದೇನೆ. ಹಂದರವಿಲ್ಲ, ವಾಲಗವಿಲ್ಲ. ನಾಲ್ಕು ಮಂದಿ ಹಿರಿಯರು ಕೂಡುತ್ತಾರೆ, ಗಂಡಿನವರು ತಂದ ಸೀರೆ ಉಡಿಸಿ ಉಡಿ ತುಂಬುತ್ತಾರೆ, ಹುಗ್ಗಿ ಉಂಡು ಏಳುತ್ತಾರೆ. ನಾದಿನಿ ನನ್ನ ಮಾತಿಗೆ ನಗಲಿಲ್ಲ. ಕೊನೆಯಲ್ಲಿ ಗುಡಿಯ ಮುಂದೆ ಸುರಿಯುವ ಮಳೆಯಲ್ಲಿ ಆ ಇಬ್ಬರ ಮದುವೆಯಾಯಿತು.

'ಹೆಂಗಿತ್ರಿ ವೈನಿ?' ಎಂದು ಕೇಳಿದಳು. ಈ ಸಲ ಟಿ.ವಿ. ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

ನಾನು ಎಂದಿನ ಹುರುಪಿನಲ್ಲಿ ಹೇಳಿಬಿಟ್ಟೆ: 'ಮದಲ ಅರ್ಧ ಛಲೋ ಐತಿ. ಕಡೀಕ ಕೆಡಿಸ್ಯಾರ. ಅಣ್ಣನ ಮನ್ಯಾಗ ಆರಾಮ ಇದ್ಲು, ಯಾರೂ ಒಂದ ಮಾತ ಅಂದಿದ್ದಿಲ್ಲ. ಈ ವಯಸ್ನ್ಯಾಗ ಆಕೀಗೆ ಅದೆಲ್ಲಾ ಏನ ಬೇಕಾಗಿತ್ತು?'

'ಹೌದ್ರಿ ವೈನಿ' ಎಂದು ಎದ್ದು ಚಹಾ ಮಾಡಲು ಒಳಗೆ ಹೋದಳು. ಚಹಾ ಚೆನ್ನಾಗಿತ್ತು. ಕುಡಿದು ನಾನು ಮಷಿನ್ನಿಗೆ ಕೂತೆ.

ಮುಂದಿನ ಭಾನುವಾರ ತಲೆ ನೋಯುತ್ತದೆ ಎಂದಳು. ಅದರ ಮುಂದಿನ ಭಾನುವಾರ ಅಂಗನವಾಡಿಯ ಏನೋ ಬರೆಯುವುದಿದೆ ಎಂದಳು. ಗಂಡ ಹೆಂಡತಿ ಇಬ್ಬರೇ ಕೂತು ನೋಡಿದೆವು. ಅವರು ಗೊರಕೆ ಹೊಡೆದರು. ತೀರ್ಪು ಕೇಳುವವರಿಲ್ಲದೆ ಅರ್ಧಕ್ಕೇ ಟಿ.ವಿ. ಬಂದ್ ಮಾಡಿ ಬಟ್ಟೆ ಹೊದಿಸಿದೆ.

ಅದಾಗಿ ಎರಡು ದಿನಕ್ಕೆ ನಾದಿನಿಯ ಅಂಗನವಾಡಿಯಲ್ಲಿ ಅಡುಗೆ ಮಾಡುವ ಹೆಂಗಸು ಬ್ಲೌಸಿನ ಅಳತೆ ಕೊಡಲು ಬಂದಳು. ಹಳೇ ಪರಿಚಯದವಳು. ನಾನು ಟೇಪು ಹಿಡಿದು ಅವಳ ಬೆನ್ನಿನ ಅಳತೆ ತೆಗೆಯುತ್ತಿದ್ದೆ. ಅವಳು ಬೆನ್ನು ತೋರಿಸಿ ನಿಂತುಕೊಂಡೇ ಹೇಳಿದಳು: 'ಅಲ್ರಿ ಅಕ್ಕಾರ, ಬಾಗೇವಾಡಿ ಮನಷ್ಯಾ ಅಷ್ಟ ಛಲೋ ಇದ್ದ. ನಿಮಗ್ಯಾಕ ಪಸಂದ ಬರಲಿಲ್ಲ?'

'ಯಾವ ಬಾಗೇವಾಡಿ ಮನಷ್ಯಾ?'

ಬಸವನ ಬಾಗೇವಾಡಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟವನಂತೆ. ಇವಳಿಗೆ ದೂರದ ಸಂಬಂಧ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದೆ. ಇವಳ ಮನೆಗೆ ಬಂದಾಗ ನಾದಿನಿಯನ್ನು ನೋಡಿದ್ದಾನೆ, ಎರಡು ಮಾತಾಡಿದ್ದಾನೆ, ಆಮೇಲೆ ಉಡಿಕಿ ಮಾಡಿಕೊಡುತ್ತೀರಾ ಎಂದು ಇವಳ ಕೈಯಲ್ಲಿ ಹೇಳಿ ಕಳಿಸಿದ್ದಾನೆ. ನಾದಿನಿ ಒಂದು ವಾರ ಸಮಯ ಕೇಳಿ, ಆಮೇಲೆ ಬೇಡ ಎಂದುಬಿಟ್ಟಳಂತೆ.

'ಯಾಕ್ರಿ ಟೀಚರ ಅಂತ ಕೇಳಿದ್ರ, ನಮ್ಮ ವೈನಿಗೆ ಮನಸಿಲ್ಲ ಅಂದ್ಲು.'

'ನನಗ ಯಾರು ಕೇಳ್ಯಾರ?'

'ಕೇಳೀನಿ ಅಂದ್ಲಲ್ರಿ!'

ಟೇಪು ನನ್ನ ಕೈಯಿಂದ ಜಾರಿತು. ಬೆನ್ನು ಹದಿನಾಲ್ಕೋ ಹದಿನೈದೋ ಎಂದು ಮತ್ತೆ ಅಳೆಯಬೇಕಾಯಿತು. ಅವಳು ಹೋದ ಮೇಲೆ ಮಷಿನ್ನಿನ ಮುಂದೆ ಕೂತೆ, ಹೊಲಿಯಲು ಆಗಲಿಲ್ಲ. ಉಡಿಕಿಗೆ ವಾಲಗ ಬೇಡ, ಹಂದರ ಬೇಡ, ಆದರೆ ಒಂದು ಕಟ್ಟು ಇದೆ. ಆ ಮಾತನ್ನು ಹೆಣ್ಣು ತಾನಾಗಿ ಎತ್ತುವ ಹಾಗಿಲ್ಲ. ಎತ್ತಿದರೆ ನಾಚಿಕೆ ಬಿಟ್ಟವಳು ಎನ್ನುತ್ತಾರೆ. ಮನೆಯ ಹಿರೀ ಹೆಂಗಸು ಎತ್ತಬೇಕು. ಅತ್ತೆ ತೀರಿಕೊಂಡ ಮೇಲೆ ಈ ಮನೆಯ ಹಿರೀ ಹೆಂಗಸು ನಾನು. ಎಂಟು ವರ್ಷದಲ್ಲಿ ನಾನು ಎತ್ತಲಿಲ್ಲ. ಬೇರೆ ದಾರಿ ಕಾಣದೆ ಅವಳು ಒಂದು ಸಿನಿಮಾ ಹಾಕಿ ನನ್ನ ಮುಖ ನೋಡುತ್ತ ಕೂತಿದ್ದಳು. ನಾನು ಹೊಲಿಗೆಯ ಕುಂದು ತೋರಿಸಿದ ಹಾಗೆ ಅವಳ ಬದುಕಿಗೆ ತೀರ್ಪು ಕೊಟ್ಟಿದ್ದೆ.

ಯಾಕೆ ಎತ್ತಲಿಲ್ಲ? ಮರೆತೆ ಎಂದರೆ ಸುಳ್ಳಾಗುತ್ತದೆ. ಅವಳಿದ್ದರೆ ನನಗೆ ಅನುಕೂಲವಿತ್ತು. ಹುಕ್ಕು ಹಚ್ಚುವವಳು, ರೊಟ್ಟಿಗೆ ಕೈ ಕೂಡಿಸುವವಳು, ಭಾನುವಾರ ಪಕ್ಕದಲ್ಲಿ ಕೂತು ನಗುವವಳು. ಅವಳು ಆರಾಮ ಇದ್ದಾಳೆ ಎಂದುಕೊಂಡಿದ್ದೆ. ಆರಾಮ ಇದ್ದವಳು ನಾನು. ಇದು ತಿಳಿದಾಗ ನನಗೆ ಬಹಳ ನಾಚಿಕೆಯಾಯಿತು.

ಸಂಜೆ ಅವಳು ಬಂದು ಕಾಲು ತೊಳೆದುಕೊಳ್ಳುವುದನ್ನೂ ಕಾಯದೆ ಬಾಗಿಲಲ್ಲೇ ಹಿಡಿದೆ. 'ಅವತ್ತಿನ ಪಿಕ್ಚರ್ ಬಗ್ಗೆ ನಾ ತಪ್ಪ ಹೇಳೀನಿ' ಎಂದೆ.

'ಪಿಕ್ಚರ್ ಅಷ್ಟೇನ ಛಲೋ ಇರಲಿಲ್ಲ ಬಿಡ್ರಿ ವೈನಿ.'

'ಪಿಕ್ಚರ್ ಕೆಟ್ಟದ್ದ ಐತಿ. ಆಕಿ ಮಾಡಿದ್ದು ಬರೋಬ್ಬರಿ ಐತಿ. ನೀ ಹ್ವಾದ್ರ ನನಗ ತ್ರಾಸ ಆಕ್ಕೇತಿ ಅಂತ ಹಂಗ ಅಂದೆ ನಾ. ಬಾಗೇವಾಡಿದು ನನಗ ಗೊತ್ತಾಗೇತಿ.'

ಅವಳು ಚಪ್ಪಲಿ ಬಿಡುತ್ತಿದ್ದವಳು ಹಾಗೇ ಬಗ್ಗಿ ನಿಂತಳು. 'ಬ್ಯಾಡ ಅಂತ ಹೇಳಿ ಕಳಿಸೀನ್ರಿ. ಮುಗೀತು ಅದು' ಎಂದಳು. ಆಮೇಲೆ ಅತ್ತಳು. ಎಂಟು ವರ್ಷದಲ್ಲಿ ಅವಳು ನನ್ನ ಮುಂದೆ ಅತ್ತದ್ದು ಅದೇ ಮೊದಲು. ನಾನೂ ಅತ್ತೆ.

ನನ್ನ ಗಂಡನಿಗೆ ಹೇಳಿದೆ. 'ಇಷ್ಟ ದಿನಾ ಏನ ಮಾಡಾಕತ್ತಿದ್ವಿ ನಾವು?' ಎಂದರು. ನಾವು ಎಂದರು, ನೀನು ಎನ್ನಲಿಲ್ಲ, ಅದು ಅವರ ದೊಡ್ಡತನ. ಮರುದಿನ ಬೆಳಿಗ್ಗೆ ಶಾಲೆಗೆ ರಜೆ ಹಾಕಿ ಬಾಗೇವಾಡಿಗೆ ಹೊರಟರು. ಬೇಡ ಎಂದ ಮನೆಯವರೇ ಮತ್ತೆ ಹೋಗಿ ಬಾಗಿಲು ಬಡಿಯುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಅವನು ಹೊರಗೇ ನಿಲ್ಲಿಸಿ ಕಳಿಸಿದರೂ ಸುಮ್ಮನೆ ಬರಬೇಕು.

ನಾದಿನಿ ಅವತ್ತು ಕೆಲಸ ಮುಗಿಸಿ ಬಂದು ಹುಕ್ಕಿನ ಡಬ್ಬಿ ತೆಗೆದುಕೊಂಡು ಕೂತಳು. ಒಂದು ಬ್ಲೌಸಿಗೆ ಹುಕ್ಕುಗಳನ್ನೆಲ್ಲ ಹೊರಗಿನ ಮಗ್ಗುಲಿಗೆ ಹಚ್ಚಿದಳು.

ಆರರ ಸುಮಾರಿಗೆ ಅವಳ ಅಣ್ಣ ಬಂದರು. ಬೂಟು ಬಿಚ್ಚಿದರು, ನೀರು ಕುಡಿದರು, ಒರೆಸಿಕೊಂಡರು. ಡ್ರಿಲ್ ಮಾಸ್ತರರಿಗೆ ಯಾವ ಕೆಲಸವೂ ಸಾಲು ತಪ್ಪಬಾರದು.

'ಏನಂದ್ರು, ಅದನ್ನರ ಹೇಳ್ರಿ!' ಎಂದು ನಾನು ಕೂಗಿದೆ.

'ಚಹಾ ಕೊಟ್ಟ. ಎಲ್ಲಾ ಕೇಳಿದ. ಆಮ್ಯಾಲ ಒಂದ ಮಾತ ಅಂದ' ಎಂದು ತಂಗಿಯ ಕಡೆ ತಿರುಗಿದರು. '"ಮದಲ ಆ ಅಂಗನವಾಡಿ ಅಡಗಿಯಾಕಿ ಬಂದು ವಿಚಾರ ಮಾಡ್ತಾರಂತ ಅಂದ್ಲು. ಆಮ್ಯಾಲ ಬ್ಯಾಡಂತ ಅಂದ್ಲು. ಈಗ ನೀವ ಬಂದು ಹೂಂ ಅಂತೀರಿ. ಮಾಸ್ತರ, ಟೀಚರ ಏನಂತಾರ? ಅವರ ಬಾಯಿಲೆ ಒಮ್ಮೆ ಕೇಳಬೇಕ್ರಿ ನಾ" ಅಂದ.' ಜೇಬಿನಿಂದ ಒಂದು ಚೀಟಿ ತೆಗೆದು ಮಷಿನ್ನಿನ ಹಲಗೆಯ ಮೇಲಿಟ್ಟರು. ಅದರಲ್ಲಿ ಫೋನ್ ನಂಬರಿತ್ತು.

ಎಂದಿನ ರೂಢಿಯಂತೆ ಅವಳು ನನ್ನ ಕಡೆ ನೋಡಿದಳು. ನನ್ನ ಬಾಯಿಗೆ ಮಾತು ಬಂದಿತ್ತು. ನುಂಗಿಕೊಂಡು ಸೂಜಿಗೆ ದಾರ ಏರಿಸುವ ನೆವದಲ್ಲಿ ತಲೆ ತಗ್ಗಿಸಿದೆ.

ಅವಳು ಮೊಬೈಲ್ ತೆಗೆದಳು. ಅಡುಗೆಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಅಣ್ಣನ ಎದುರಿಗೇ, ಬಟ್ಟೆಯ ಗಂಟಿನ ಪಕ್ಕ ನಿಂತುಕೊಂಡು ಚೀಟಿ ನೋಡಿ ಒಂದೊಂದೇ ಅಂಕಿ ಒತ್ತಿದಳು. ಆ ಕಡೆ ಎತ್ತಿದರು.

'ನಾನ್ರಿ, ಸಿಂದಗಿಯಿಂದ' ಎಂದಳು. 'ಯಾರೂ ಹೇಳಿಕೊಟ್ಟಿಲ್ರಿ. ನನಗ ಮನಸೈತಿ.'

ಅವತ್ತು ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.