ಅವ್ವನ ಕರುಳು, ಅಪ್ಪನ ಸತು

ನಮ್ಮ ಅಪ್ಪ ಬೆಳಿಗ್ಗೆ ಪೇಪರಿನಲ್ಲಿ ಓದಿದ್ದು ಸಂಜೆಯೊಳಗೆ ಅವ್ವನ ತಾಟಿಗೆ ಬೀಳುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತು, ನಾವು ಗಜೇಂದ್ರಗಡದಲ್ಲಿದ್ದೆವು. ಊಟದಲ್ಲಿ ಸತು, ಸೆಲೆನಿಯಂನಂಥ ಖನಿಜಗಳಿದ್ದರೆ ಕರುಳಿನ ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲವೆಂದು ಎಲ್ಲೋ ಓದಿದರು. ಅವ್ವನ ಅಣ್ಣ ಅದೇ ರೋಗದಲ್ಲಿ ಹೋಗಿದ್ದ. ಶುರುವಾಯಿತು ನೋಡಿ, ಎಳ್ಳು, ಅಗಸಿ, ಗುರೆಳ್ಳು!

"ಇದರಾಗ ಸತು ಐತಿ, ತಿನ್ನು."

"ನನ್ನ ಹೊಟ್ಟಿಗೆ ತಗಡು ಹೊದಿಸಾವ್ರದೀರೇನು?"

ಆ ಚಳಿಗಾಲ ಅವ್ವನಿಗೆ ಮಲದಲ್ಲಿ ರಕ್ತ ಕಂಡಿತು. ಅಪ್ಪ ಪೇಪರು ಮಡಚಿಟ್ಟು ಎದ್ದರು. ಹುಬ್ಬಳ್ಳಿಯ ಡಾಕ್ಟರು ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕೆಂದರು. ಅಲ್ಲಿಯತನಕ ಬೀಜವಿರುವುದು ಏನೂ ತಿನ್ನಬಾರದು. ಅವ್ವ ಬದನೆಕಾಯಿ ಮುಟ್ಟಲಿಲ್ಲ, ಟೊಮೆಟೊ ಮುಟ್ಟಲಿಲ್ಲ, ಎಳ್ಳು, ಅಗಸಿ, ಗುರೆಳ್ಳಿನ ಚಟ್ನಿಪುಡಿ ಡಬ್ಬಿಗಳನ್ನೆಲ್ಲ ಅಟ್ಟಕ್ಕೇರಿಸಿದಳು.

ಪರೀಕ್ಷೆಯ ದಿನ ಡಾಕ್ಟರು ಸಿಡಿಮಿಡಿಗೊಂಡು ಹೊರಬಂದರು. "ಏನ್ ತಿನಿಸೀರಿ ಇವರಿಗೆ? ಕರುಳ ತುಂಬ ಎಳ್ಳು! ಏನೂ ಕಾಣವಲ್ದು."

"ಎಳ್ಳು ನಾ ಮುಟ್ಟೇ ಇಲ್ರಿ," ಒಳಗಿನಿಂದ ಅವ್ವ ಕೂಗಿದಳು. "ಸಜ್ಜಿ ರೊಟ್ಟಿ ತಿಂದೀನಿ ಅಷ್ಟ."

ಸಜ್ಜೆ ರೊಟ್ಟಿಗೆ ನಮ್ಮ ಕಡೆ ಮೈತುಂಬ ಎಳ್ಳು ಹಚ್ಚಿ ಬಡಿಯುತ್ತಾರೆ. ಅದನ್ನು ಯಾರೂ ಎಳ್ಳೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ರೊಟ್ಟಿ ಅಂದರೆ ರೊಟ್ಟಿ.

"ಎಳ್ಳಿನಾಗ ಸತು ಇರ್ತದಲ್ರೀ ಡಾಕ್ಟರ..." ಅಪ್ಪ ಬಾಯಿಬಿಟ್ಟರು.

"ಊಟ ಚಲೋನ ಐತ್ರಿ. ಆದ್ರ ಸತು ತಿಂದ್ರ ಕ್ಯಾನ್ಸರ್ ಬರೂದಿಲ್ಲ ಅಂತ ಪಕ್ಕಾ ಆಗಿಲ್ಲ. ಮೊದಲ ಬಂದೈತೋ ಇಲ್ಲೋ ನೋಡಾಕರ ಬಿಡ್ರಿ!"

ಇನ್ನೊಂದು ವಾರ ಕಾಯಬೇಕಾಯಿತು. ಒಂದು ಮುಷ್ಟಿ ಎಳ್ಳಿಗಾಗಿ ವಾರವಿಡೀ ಜೀವ ಹಿಡಿದುಕೊಂಡು ಕೂತೆವಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವ್ವ ಬರೀ ಅನ್ನ, ಮಜ್ಜಿಗೆ ಉಂಡಳು. ಅಪ್ಪನೂ ಅದನ್ನೇ ಉಂಡರು. ಯಾರೂ ಹೇಳಿರಲಿಲ್ಲ.

ಎರಡನೇ ಸಲ ಡಾಕ್ಟರು ನಗುತ್ತ ಬಂದರು. "ಮೂಲವ್ಯಾಧಿ ಅಷ್ಟರಿ. ಕರುಳು ಸ್ವಚ್ಛ ಐತಿ."

ಅಪ್ಪ ಗೋಡೆಗೆ ಆತು ಹಾಗೇ ಕುಸಿದು ಕೂತರು. ಬಾಯಿಗೆ ಟವೆಲ್ ಒತ್ತಿಕೊಂಡು ಗಳಗಳನೆ ಅತ್ತರು. ಅವರು ಅತ್ತದ್ದನ್ನು ನಾನು ಅಂದೇ ಮೊದಲು ನೋಡಿದ್ದು, ನನಗೂ ತಡೆಯಲಾಗಲಿಲ್ಲ. ಬಾಜೂಕಿನ ಬೆಂಚಿನಿಂದ ಒಬ್ಬ ಅಜ್ಜಿ ಎದ್ದು ಬಂದು ಅಪ್ಪನ ಬೆನ್ನು ಸವರಿದಳು. "ಯಾವಾಗ ಹೋದ್ರೋ ತಮ್ಮಾ?"

ಅಷ್ಟರಲ್ಲಿ ಅವ್ವ ಸೆರಗು ಸರಿಪಡಿಸಿಕೊಳ್ಳುತ್ತ ಹೊರಗೆ ಬಂದಳು.

"ಏಳ್ರಿ ಮ್ಯಾಲೆ! ನಾ ಇನ್ನೂ ಅದೀನಿ, ಮಂದಿ ಆಗಲೇ ಮಣ್ಣಿಗೆ ಬರಾಕತ್ತಾರ."