ಆಕಳಿಸಿದಾಗ ಎದ್ದ ಕೈ

ದೆವ್ವ, ಗಾಳಿ, ಮಾಟದ ಕಥೆಗಳಿಗೆ ನಕ್ಕು ಸುಮ್ಮನಾಗುತ್ತಿದ್ದವನು ನಾನು. ಕಣ್ಣಿಗೆ ಕಂಡರೆ ನಂಬುತ್ತೇನೆ ಎನ್ನುತ್ತಿದ್ದೆ. ಇದನ್ನು ಕಣ್ಣಾರೆ ಕಂಡೆ. ಆದರೂ ಏನೆಂದು ನಂಬಬೇಕೋ ತಿಳಿಯಲಿಲ್ಲ.

ಆಗ ನಿಜಾಮರ ಆಳ್ವಿಕೆ. ನಾನು ಕಲಬುರಗಿಯ ಕಚೇರಿಯೊಂದರಲ್ಲಿ ಉರ್ದು ಕಾಗದಗಳ ನಕಲು ಮಾಡಿಕೊಂಡಿದ್ದೆ. ಅಕ್ಕ ಶಾಂತವ್ವನನ್ನು ಕಮಲಾಪುರದ ಬಾಳೆತೋಟದ ಮನೆಗೆ ಕೊಟ್ಟಿದ್ದೆವು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗಲೇ ಅವಳ ಬಲಮೈಗೆ ಲಕ್ವಾ ಹೊಡೆದು ಮಾತು ನಿಂತಿತು. ಬರಬರುತ್ತ ಮಾತು ಮರಳಿತು, ಕಾಲೆಳೆದುಕೊಂಡು ನಡೆಯತೊಡಗಿದಳು. ಬಲಗೈ ಮಾತ್ರ ಎದೆಗೆ ಮಡಚಿಕೊಂಡು ನಿಂತುಬಿಟ್ಟಿತು.

ನಾನು ನೋಡಲು ಹೋದಾಗ ಅವಳ ಅತ್ತೆ ಅಂಗಳದಲ್ಲೇ ತಡೆದು ಹೇಳಿದಳು: "ನಿಮ್ಮಕ್ಕ ಸೋಗು ಹಾಕ್ಯಾಳ್ರೀ. ಆಕಳಿಸೋವಾಗ ಆ ಕೈ ಮ್ಯಾಲ ಎತ್ತಿದ್ದು ನಾನೇ ನೋಡೀನಿ. ಹಿಂಗಾದ್ರ ನನ್ನ ಮಗನಿಗಿ ಬ್ಯಾರೆ ಹೆಣ್ಣು ತರ್ತೀನಿ."

ಭಾವ ತಲೆ ತಗ್ಗಿಸಿ ನಿಂತಿದ್ದ. ಮುದುಕಿ ಸುಳ್ಳು ಹೇಳುತ್ತಿದ್ದಾಳೆಂದು ನನಗೆ ಉರಿದುಹೋಯಿತು. ಅಕ್ಕನನ್ನು ಗಾಡಿಯಲ್ಲಿ ಕೂರಿಸಿಕೊಂಡು ಕಲಬುರಗಿಗೆ ಬಂದೆ.

ದವಾಖಾನೆಯ ಡಾಕ್ಟರು ಕೈಯೆತ್ತಲು ಹೇಳಿದರು. ಅಕ್ಕ ಹಲ್ಲು ಕಚ್ಚಿದಳು. ಭುಜ ಕಿವಿಯವರೆಗೆ ಏರಿತು, ಮೈಯೆಲ್ಲ ಎಡಕ್ಕೆ ವಾಲಿತು, ಬೆರಳು ಇನ್ನಷ್ಟು ಬಿಗಿದವು. ತೋಳು ಮಾತ್ರ ಮೇಲೇಳಲಿಲ್ಲ. "ಎತ್ತುವ ಸ್ನಾಯುವಿಗೆ ಬಲವಿಲ್ಲ. ಸಡಿಲಾಗಬೇಕಾದ ಎದೆಯ ಸ್ನಾಯು ಕೆಳಗೆ ಜಗ್ಗುತ್ತಿದೆ. ಸೋಗಲ್ಲ," ಎಂದರು ಡಾಕ್ಟರು.

ಅಷ್ಟು ಸಾಕಾಯಿತು ನನಗೆ. ಅತ್ತೆಗೆ ಹೇಳಿಕಳುಹಿಸಿದೆ. ಆಕೆ ಗಾಡಿ ಮಾಡಿಕೊಂಡು ಬಂದಾಗ ದೀಪ ಹಚ್ಚುವ ಹೊತ್ತು. ಅಕ್ಕನ ಎದುರಿಗೆ ಕುಳಿತು, "ಎಲ್ಲಿ, ಆಕಳಿಸು ನೋಡೋಣು," ಎಂದಳು. ಅಕ್ಕ ಬಾಯಿ ತೆರೆದು ಆಕಳಿಸಿದ ಹಾಗೆ ಮಾಡಿದಳು. ಕೈ ಅಲ್ಲಾಡಲಿಲ್ಲ. ನಾನು ಗೆದ್ದವನಂತೆ ಅತ್ತೆಯ ಮುಖ ನೋಡಿದೆ.

ದಾರಿ ಸವೆಸಿ ದಣಿದಿದ್ದ ಮುದುಕಿ ಆಗ ತಾನೇ ಬಾಯಿ ತುಂಬ ಆಕಳಿಸಿದಳು. ನೋಡುತ್ತಿದ್ದ ಅಕ್ಕನಿಗೂ ಆಕಳಿಕೆ ಬಂತು, ನಿಜವಾದದ್ದು. ಮಡಚಿದ ಆ ತೋಳು ತಾನಾಗಿ ಬಿಚ್ಚಿಕೊಂಡು, ಮೆಲ್ಲಗೆ, ಭುಜದ ಮಟ್ಟಕ್ಕೆ ಎದ್ದಿತು. ಮುಷ್ಟಿ ಸಡಿಲಾಗಿ ಬೆರಳು ಬಿಡಿಬಿಡಿಯಾದವು. ಒಂದು ಕ್ಷಣ ನಾನೂ ಅಕ್ಕನನ್ನು ಸಂಶಯಿಸಿದೆ.

ಅತ್ತೆ ಚಂಗನೆ ಎದ್ದು ಆ ಕೈ ಹಿಡಿದಳು. "ಹಿಡಿ ನನ್ನ ಕೈ! ಹಿಂಗೇ ಹಿಡಿ!" ಎಂದಳು. ಅಕ್ಕ ಕಣ್ಣೀರು ಸುರಿಯುವಷ್ಟು ತಿಣುಕಿದರೂ ಬೆರಳು ಮಡಚಲಿಲ್ಲ. ಆಕಳಿಕೆ ಮುಗಿಯುತ್ತಲೇ ತೋಳು ಒದ್ದೆ ಬಟ್ಟೆಯಂತೆ ಜೋತುಬಿತ್ತು. ಮುದುಕಿ ಅದನ್ನು ಕೆಳಗೆ ಬೀಳಗೊಡದೆ ತನ್ನ ಮಡಿಲಲ್ಲಿಟ್ಟುಕೊಂಡಳು.

"ಎತ್ತಿದಾಕಿ ನಾ ಅಲ್ಲರೀ ಅತ್ತಿ," ಎಂದಳು ಅಕ್ಕ.

"ಗೊತ್ತಾತು ಬಿಡವ್ವ."

ಮರುದಿನ ಇಬ್ಬರೂ ಒಂದೇ ಗಾಡಿಯಲ್ಲಿ ಕಮಲಾಪುರಕ್ಕೆ ಹೋದರು. ಬೇರೆ ಹೆಣ್ಣಿನ ಮಾತು ಮತ್ತೆ ಏಳಲಿಲ್ಲ. ಡಾಕ್ಟರಿಗೆ ಹೇಳಿದರೆ, ತಾವೂ ಇಂಥದನ್ನು ಕಂಡಿಲ್ಲವೆಂದರು.

ಹೊರಡುವಾಗ ಅಕ್ಕ ನನ್ನನ್ನು ಕೇಳಿದ್ದಳು: "ನಾ ಕರದ್ರ ಈ ಕೈ ಬರಂಗಿಲ್ಲ. ಹಂಗಾರ ಯಾರು ಕರದ್ರ ಬರ್ತದೋ, ತಮ್ಮಾ?"

ಅಕ್ಕ ತೀರಿಕೊಂಡು ಎಷ್ಟೋ ಕಾಲವಾಯಿತು. ಈಗಲೂ ಯಾರಾದರೂ ಆಕಳಿಸಿದರೆ ನನ್ನ ಕಣ್ಣು ಅವರ ಕೈಯ ಕಡೆಗೇ ಹೋಗುತ್ತದೆ.