ಒಂಬತ್ತನೆಯ ಅಂಕಿ

ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ, ಆಸ್ಪತ್ರೆಯ ರಕ್ತನಿಧಿಯಲ್ಲಿ ಕೌಂಟರಿನವನು ರಕ್ತದ ಚೀಲವೊಂದನ್ನೂ ಪೇಷಂಟಿನ ಸ್ಲಿಪ್ಪನ್ನೂ ತಂದು ಲೇಬಲಕ್ಕನ ಮೇಜಿನ ಮೇಲೆ ಇಟ್ಟ.

"ಅಕ್ಕಾ, ನಿಮ್ಮ ಕಂಪ್ಯೂಟರಿಗೂ ವಯಸ್ಸಾಯ್ತು ಅನ್ಸುತ್ತೆ. ಒಂದು ಕನ್ನಡಕ ಕೊಡ್ಸಿ."

"ಅದರ ಸುದ್ದಿಗೆ ಯಾಕೋ ಹೋದೆ? ಏನಾಯ್ತು ಹೇಳು."

"ನಾನು ಪಕ್ಕದ ಚೀಲ ಎತ್ಕೊಂಬಿಟ್ಟಿದ್ದೆ. ಚೀಲ ಎ ಗುಂಪು, ಪೇಷಂಟು ಬಿ ಗುಂಪು. ಅದು ಬೇಡ ಅನ್ಬೇಕಿತ್ತು ತಾನೆ? ಸರಿ ಅಂತ ಲೇಬಲ್ ಹೊಡೆದು ಕೊಡ್ತು. ಅಂಟಿಸೋ ಹೊತ್ತಿಗೆ ಏನೋ ಪುಣ್ಯ, ನಾನೇ ನೋಡ್ದೆ."

ಅವನು ನಗುತ್ತಲೇ ಇದ್ದ. ಅವಳೂ ಅರ್ಧ ನಕ್ಕಳು. ಆಮೇಲೆ ಚೀಲ ತಿರುಗಿಸಿ, ಹಿಂಬದಿಯ ಸಣ್ಣ ಅಂಕಿಗಳ ಪಕ್ಕ ಪೇಷಂಟಿಗೆ ಗೊತ್ತುಮಾಡಿದ ಚೀಲದ ನಂಬರಿದ್ದ ಸ್ಲಿಪ್ ಇಟ್ಟು ಓದಿದಳು. ಎಂಟು ಅಂಕಿ ಒಂದೇ. ಒಂಬತ್ತನೆಯದು ಚೀಲದ ಮೇಲೆ ಏಳು, ಸ್ಲಿಪ್ಪಿನ ಮೇಲೆ ಆರು.

ಈ ನಂಬರುಗಳನ್ನು ಹೋಲಿಸಿ ಲೇಬಲ್ ಹೊಡೆಯುವ ಪ್ರೋಗ್ರಾಮನ್ನು ಬರೆದವಳು ಅವಳೇ. ಇಪ್ಪತ್ತೆರಡು ವರ್ಷದ ಹಿಂದೆ ಲೇಬಲ್ ಟೈಪು ಮಾಡಲು ಸೇರಿ ಎಲ್ಲರ ಬಾಯಲ್ಲಿ ಲೇಬಲಕ್ಕ ಆದವಳು. ಮೊದಲ ಕಂಪ್ಯೂಟರ್ ತಂದುಕೊಟ್ಟವನು ವರ್ಷ ತುಂಬುವುದರೊಳಗೆ ನಾಪತ್ತೆಯಾದಾಗ, ಕೆಟ್ಟು ಕೂತ ಅವನ ಪ್ರೋಗ್ರಾಮನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಇವಳು ಯಾರದೋ ಕೈಕಾಲು ಹಿಡಿದು ಸಿ ಭಾಷೆಯ ದಪ್ಪ ಪುಸ್ತಕ ತಂದಳು. ಗಂಡನ ಟೈಲರಿಂಗ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಗೆ ಹೆಣ್ಣುಮಕ್ಕಳಿಬ್ಬರೂ ಮಗ್ಗಿ ಬರೆಯುತ್ತಿದ್ದರೆ, ಇನ್ನೊಂದು ತುದಿಗೆ ಇವಳು strcpy, strlen ಎಂದು ಬರೆದುಕೊಂಡು ಕೂರುತ್ತಿದ್ದಳು. "ನನಗೆ ಇಬ್ಬರು ಮಕ್ಕಳು, ಇವಳಿಗೆ ಮೂವರು" ಎಂದು ಗಂಡ ಗಿರಾಕಿಗಳ ಮುಂದೆ ಹೇಳಿಕೊಂಡು ನಗುತ್ತಿದ್ದ. ಮೂರನೆಯದು ಈ ಪ್ರೋಗ್ರಾಮು.

ಸಿ ಭಾಷೆಯಲ್ಲಿ ಅಕ್ಷರಗಳು ಸಾಲು ಡಬ್ಬಿಗಳಲ್ಲಿ ಕೂತಿರುತ್ತವೆ. ಕೊನೆಯ ಡಬ್ಬಿಯಲ್ಲಿ ಸೊನ್ನೆ ಇರಬೇಕು, ಇಲ್ಲಿಗೆ ಮುಗಿಯಿತು ಎಂದು ಹೇಳಲು. ಅದಿಲ್ಲದಿದ್ದರೆ ಓದುವ ಫಂಕ್ಷನ್ ಹೇಳದೆ ಕೇಳದೆ ಪಕ್ಕದ ಮನೆಗೆ ನುಗ್ಗಿ, ಸಿಕ್ಕಿದ್ದನ್ನೆಲ್ಲ ಓದಿಕೊಂಡು ಹೋಗುತ್ತದೆ. ಎಂಟು ಅಂಕಿಯ ನಂಬರಿಗೆ ಒಂಬತ್ತು ಡಬ್ಬಿ ಬೇಕಾಗುವುದು ಆ ಸೊನ್ನೆಗಾಗಿ. ಲೇಬಲಕ್ಕ ಇದರಲ್ಲಿ ಒಮ್ಮೆಯೂ ಎಡವಿದವಳಲ್ಲ, ಅದರ ಹೆಮ್ಮೆಯೂ ಅವಳಿಗೆ ಸಾಕಷ್ಟಿತ್ತು.

ಎಡವಿದ್ದು ಬೇರೆ ಕಡೆ. ಎರಡು ನಂಬರ್ ಒಂದೇ ಹೌದೋ ಅಲ್ಲವೋ ಎಂದು ನೋಡಲು strcmp ಇದೆ. ಮೊದಲ ವಾರ ಅದು ಯಾವ ಚೀಲವನ್ನೂ ಒಪ್ಪಲೇ ಇಲ್ಲ. ಚೀಲದ ನಂಬರ್ ಓದುವ ಸ್ಕ್ಯಾನರ್ ಕೊನೆಗೆ ಕಣ್ಣಿಗೆ ಕಾಣದ ಒಂದು ಎಂಟರ್ ಸೇರಿಸಿ ಕಳಿಸುತ್ತಿತ್ತು. ಆ ಬಾಲ ಕತ್ತರಿಸುವುದನ್ನು ಬಿಟ್ಟು ಅವಳು strncmp ಹಾಕಿದಳು: ಮೊದಲ ಎಂಟು ಅಕ್ಷರ ಮಾತ್ರ ನೋಡು, ಉಳಿದದ್ದು ನಿನಗೆ ಬೇಡ. ಹದಿನೆಂಟು ವರ್ಷ ಎಲ್ಲ ಸರಿಯಾಗಿ ನಡೆಯಿತು.

ಈ ಸೋಮವಾರ ಚೀಲಗಳ ನಂಬರು ಒಂಬತ್ತು ಅಂಕಿಗೆ ಏರಿತು. ಹಿಂದಿನ ಶನಿವಾರವೇ ಅವಳು ಫೈಲಿನಲ್ಲಿ 9 ಎಂದು ಹುಡುಕಿ, ಡಬ್ಬಿಗಳನ್ನು ಅಳೆಯುವ ಹನ್ನೊಂದು ಜಾಗದಲ್ಲೂ 10 ಮಾಡಿ, ಕೈ ಒರೆಸಿಕೊಂಡು ಎದ್ದಿದ್ದಳು. ಹೋಲಿಸುವ ಸಾಲಿನಲ್ಲಿದ್ದದ್ದು 8. ಒಂಬತ್ತನ್ನು ಹುಡುಕಿದವಳಿಗೆ ಎಂಟು ಎಲ್ಲಿಂದ ಸಿಗಬೇಕು?

"ಕೌಂಟರ್ ನಿಲ್ಸು" ಎಂದಳು. "ಸೋಮವಾರದಿಂದ ಹೊಸ ನಂಬರಿನ ಚೀಲ ಎಷ್ಟು ಹೋಗಿವೆ?"

"ಮೂವತ್ತೊಂದು."

"ವಾರ್ಡಿನಲ್ಲಿ ಈಗ ಹಾಕಿರೋದು?"

ಅವನು ರಿಜಿಸ್ಟರ್ ನೋಡಿದ. ನಗು ಎಲ್ಲೋ ಹೋಗಿತ್ತು. "ಒಂದೇ. ಹತ್ತಕ್ಕೆ ಮೊದಲು ಹೋಗಿದೆ. ಮೂರನೇ ಮಹಡಿ, ಹೆಂಗಸರ ವಾರ್ಡು, ಹದಿನಾಲ್ಕನೇ ಮಂಚ. ಉಳಿದದ್ದೆಲ್ಲ ಖಾಲಿಯಾಗಿ ವಾಪಸ್ ಬಂದಿವೆ."

ವಾರ್ಡಿಗೆ ಫೋನ್ ಮಾಡಿದರೆ ಬರೀ ರಿಂಗು. ಅಲ್ಲಿನ ನರ್ಸ್ ಎಷ್ಟೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ಈ ತಪ್ಪು ಕಾಣುವುದಿಲ್ಲ ಎಂಬುದು ಲೇಬಲಕ್ಕನಿಗೆ ಗೊತ್ತಿತ್ತು. ನರ್ಸ್ ನೋಡುವುದು ಸ್ಲಿಪ್ಪನ್ನೂ ಚೀಲದ ಮುಂಬದಿಯ ಲೇಬಲನ್ನೂ. ಆ ಲೇಬಲನ್ನು ಪ್ರೋಗ್ರಾಮು ಅದೇ ಸ್ಲಿಪ್ಪಿನಿಂದ ನಕಲು ಮಾಡಿ ಅಚ್ಚು ಹಾಕುತ್ತಿತ್ತು. ಎರಡೂ ಒಂದೇ ಇರದೆ ಇನ್ನೇನು?

ಖಾಲಿ ಚೀಲಗಳನ್ನು ವಾರದವರೆಗೆ ಎತ್ತಿಡುವ ಪದ್ಧತಿ ಅಲ್ಲಿತ್ತು. "ಮೂವತ್ತನ್ನೂ ತಿರುಗಿಸು. ಒಂಬತ್ತನೇ ಅಂಕಿ ಸ್ಲಿಪ್ಪಿನ ಜೊತೆ ನೋಡು, ಬಾಯಿಬಿಟ್ಟು ಓದು" ಎಂದು ಅವನಿಗೆ ಹೇಳಿ, ಹದಿನಾಲ್ಕನೇ ಮಂಚದ ಸ್ಲಿಪ್ಪಿನ ಪ್ರತಿ ಹಿಡಿದು, ಒಳಗಿನ ಕೋಣೆಯಲ್ಲಿದ್ದ ರಕ್ತನಿಧಿಯ ಡಾಕ್ಟರಮ್ಮನನ್ನು ಎಬ್ಬಿಸಿಕೊಂಡು ಹೊರಟಳು. ಲಿಫ್ಟ್ ಐದನೇ ಮಹಡಿಯಲ್ಲಿ ನಿಂತಿತ್ತು. ಇಬ್ಬರೂ ಮೆಟ್ಟಿಲು ಹತ್ತಿದರು. ಐವತ್ತು ದಾಟಿದ ಮಂಡಿಗಳು, ಆದರೂ ಆ ದಿನ ನೋವು ಗೊತ್ತಾಗಲಿಲ್ಲ. ದೇವರೇ, ಅದೊಂದು ಸರಿ ಇರಲಿ, ಅದೊಂದು ಸರಿ ಇರಲಿ, ಇಷ್ಟೇ ಅವಳ ತಲೆಯಲ್ಲಿ ತಿರುಗುತ್ತಿತ್ತು.

ಹದಿನಾಲ್ಕನೇ ಮಂಚದಲ್ಲಿ ಒಬ್ಬ ಮುದುಕಿ ಕಣ್ಣು ಮುಚ್ಚಿ ಮಲಗಿದ್ದಳು. ಪಕ್ಕದಲ್ಲಿ ಮಗಳು ಕಿತ್ತಳೆ ಸುಲಿಯುತ್ತಾ ಕೂತಿದ್ದಳು. ಚೀಲ ಅರ್ಧ ಇಳಿದಿತ್ತು. ಲೇಬಲಕ್ಕ ಅದನ್ನು ತಿರುಗಿಸಿದಳು. ಸ್ಲಿಪ್ಪಿನ ಕೊನೆಗೆ ಎರಡು. ಚೀಲದ ಕೊನೆಗೆ ಮೂರು.

"ಮೇಡಂ" ಎಂದಳು. ಆ ಅಂಕಿಯ ಮೇಲೆ ಬೆರಳಿಟ್ಟಳು.

ಡಾಕ್ಟರಮ್ಮ ಅಷ್ಟರಲ್ಲಿ ಕೊಳವೆಯ ಕ್ಲಿಪ್ ಒತ್ತಿ ನಿಲ್ಲಿಸಿಯಾಗಿತ್ತು. ಮುದುಕಿಯ ಹಣೆ ಮುಟ್ಟಿದರು, ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ನರ್ಸನ್ನು ಕರೆದು ರಕ್ತ ತೆಗೆಸಿ ಕೆಳಗೆ ಕಳಿಸಿದರು. ಚೀಲದ ಗುಂಪು ಓದಿದರು, ಸ್ಲಿಪ್ಪಿನ ಗುಂಪು ಓದಿದರು. ಎರಡೂ ಓ. ಲೇಬಲಕ್ಕನನ್ನು ಮಂಚದ ತಲೆಬದಿಯ ಕಿಟಕಿಯ ಕಡೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು.

"ಗುಂಪು ಒಂದೇ. ಜ್ವರ ಇಲ್ಲ, ನಡುಕ ಇಲ್ಲ. ಬದುಕಿದ್ವಿ. ಸಂಜೆ ತನಕ ನೋಡ್ಕೊಳ್ಳೋಣ. ಇಲ್ಲಿ ಯಾರಿಗೂ ಏನೂ ಹೇಳೋದು ಬೇಡ. ಕೆಳಗೆ ಹೋಗಿ ಮಾತಾಡೋಣ."

ಅಷ್ಟರಲ್ಲಿ ಕೌಂಟರಿನವನ ಫೋನ್ ಬಂತು. ಮೂವತ್ತೂ ಸರಿಯಾಗಿದ್ದವು. ಅವನ ದನಿ ಅಳುವ ಹಾಗಿತ್ತು. ಲೇಬಲಕ್ಕ ಫೋನ್ ಇಟ್ಟಳು. ಒಂದು ಎಂಟನ್ನು ಒಂಬತ್ತು ಮಾಡಿದರೆ ಮುಗಿಯಿತು. ಆ ಫೈಲನ್ನು ಅವಳು ಬಿಟ್ಟರೆ ಓದುವವರೇ ಇಲ್ಲ. ಕೆಳಗೆ ಹೋಗಿ ಮಾತಾಡೋಣ ಎಂದರೆ ಏನರ್ಥ ಎಂಬುದು ತಿಳಿಯದಷ್ಟು ದಡ್ಡಿಯಲ್ಲ ಅವಳು. ಹೋಗಲು ಕಾಲೆತ್ತಿದ್ದಳು ಕೂಡ.

"ಅಕ್ಕಾ, ನೀವು ಕೆಳಗಡೆ ರಕ್ತ ಕೊಡೋ ಕಡೆಯವರಾ?" ಮಂಚದ ಪಕ್ಕದಿಂದ ಮಗಳು ಕೇಳಿದಳು. "ಒಂದು ನಂಬರ್ ನೋಡೋಕೆ ಮೂರು ಮಹಡಿ ಹತ್ತಿ ಬಂದ್ರಲ್ಲ! ನಮ್ಮಮ್ಮ ನಿನ್ನೆಯಿಂದ ಒಂದೇ ಹಟ, ಯಾರದೋ ರಕ್ತ ತಂದು ಹಾಕಿಬಿಡ್ತಾರೆ ಅಂತ. ನೋಡು, ಎಷ್ಟು ಜಾಗ್ರತೆ ಮಾಡ್ತಾರೆ ಅಂತ ಎದ್ದ ಮೇಲೆ ಹೇಳ್ತೀನಿ. ತಗೊಳ್ಳಿ, ಎರಡು ತೊಳೆ ತಿನ್ನಿ. ಉಸಿರು ಕಟ್ಟಿದೆ ನಿಮಗೆ."

ಕಿತ್ತಳೆಯ ತೊಳೆ ಅವಳ ಮುಂದೆ ಬಂತು. ಡಾಕ್ಟರಮ್ಮ ಕಣ್ಣಲ್ಲೇ ಬೇಡ ಎಂದರು. ಲೇಬಲಕ್ಕನಿಗೆ ನಾಚಿಕೆಯಿಂದ ಸತ್ತೇಹೋಗಬೇಕೆನಿಸಿತು.

"ಹಾಗೆ ಹೇಳ್ಬೇಡಮ್ಮ" ಎಂದಳು. "ನಿಮ್ಮಮ್ಮ ಹೆದರಿದ್ದೇ ಸರಿ. ಈ ಚೀಲ ಅವರದಲ್ಲ, ಪಕ್ಕದ ನಂಬರಿನದು. ಗುಂಪು ಒಂದೇ ಆಗಿದ್ದಕ್ಕೆ ಉಳಿದ್ರು, ನಾವು ಜಾಗ್ರತೆ ಮಾಡಿದ್ದಕ್ಕಲ್ಲ. ನಂಬರ್ ನೋಡೋ ಪ್ರೋಗ್ರಾಮು ನಾನು ಬರೆದದ್ದು. ತಪ್ಪು ನನ್ನದು."

ಮಗಳ ಕೈ ಹಾಗೇ ನಿಂತಿತು. ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. "ಏನಂದ್ರಿ? ಯಾರ್ರೀ ನೀವು? ನಿಮ್ಮ ಮೇಲಿನೋರು ಯಾರು, ಕರೀರಿ ಮೊದಲು" ಎಂದು ಎದ್ದು ನಿಂತಳು. ಡಾಕ್ಟರಮ್ಮ ನಡುವೆ ಬಂದು ಏನೋ ಹೇಳತೊಡಗಿದರು.

ಮಲಗಿದ್ದಾಳೆಂದು ಎಲ್ಲರೂ ತಿಳಿದಿದ್ದ ಮುದುಕಿ ಕಣ್ಣು ಬಿಟ್ಟಳು. ಸೂಜಿಯಿಲ್ಲದ ಕೈ ಚಾಚಿ ಲೇಬಲಕ್ಕನ ಮಣಿಕಟ್ಟು ಹಿಡಿದಳು. ಆ ಕೈಯಲ್ಲಿ ಇಷ್ಟು ಬಲವಿದ್ದೀತೆಂದು ಯಾರೂ ಎಣಿಸಿರಲಿಲ್ಲ.

"ಇವಳನ್ನ ಕಳಿಸ್ಬೇಡ" ಎಂದಳು ಮಗಳಿಗೆ. ಲೇಬಲಕ್ಕನ ಕಡೆ ತಿರುಗಿ, "ಸಂಜೆ ತನಕ ನೋಡ್ಬೇಕು ಅಂದ್ರಲ್ಲ ಆಗ, ನಂಗೆ ಕೇಳಿಸ್ತು. ನೀನೇ ಕೂತ್ಕೊಂಡು ನೋಡು. ನನಗೇನಾದ್ರೂ ಆದ್ರೆ ನಿನ್ನ ಕಣ್ಣೆದುರಿಗೇ ಆಗ್ಲಿ" ಎಂದಳು.

ಲೇಬಲಕ್ಕ ಕಾಲಿನಿಂದ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು. ಕೈ ಬಿಡಿಸಿಕೊಳ್ಳಲಿಲ್ಲ.